ಜಾಗ ತಪ್ಪಿದ ಚೀಟಿಗಳು

ನಾಡಿದ್ದು ಮಗಳಿಗೆ ಕಾಲೇಜಿನ ಪ್ರವೇಶ ಪರೀಕ್ಷೆ. ಇಂಗ್ಲಿಷ್ ಪದಗಳ ಅರ್ಥಕ್ಕೇ ಕಾಲು ಭಾಗ ಅಂಕ. ಬಾಯಿಪಾಠ ಅವಳಿಗೆ ಒಗ್ಗದು. ಅದಕ್ಕೇ ಅರವತ್ತು ಪದಗಳನ್ನು ಚೀಟಿಗಳಲ್ಲಿ ಬರೆದು ಮನೆತುಂಬ ಅಂಟಿಸಿದ್ದಳು. ಜಾಗ ನೆನಪಾದರೆ ಅರ್ಥವೂ ನೆನಪಾಗುತ್ತಿತ್ತು. ಎಷ್ಟು ಎಳೆದರೂ ತೆರೆಯದ ಕಪಾಟಿಗೆ ‘ಅಬ್‌ಸ್ಟಿನೇಟ್’, ಅಂದರೆ ಹಟಮಾರಿ. ಎಣ್ಣೆ ಡಬ್ಬಿಗೆ ‘ಫ್ರೂಗಲ್’, ಕೈ ಬಿಗಿಹಿಡಿದು ಬಳಸುವವರು. ಅಪ್ಪ ತೂಕಡಿಸುವ ಕುರ್ಚಿಗೆ ‘ಟ್ರ್ಯಾಂಕ್ವಿಲ್’, ಪ್ರಶಾಂತ.

ನನಗೆ ಇಂಗ್ಲಿಷ್ ಓದಲು ಬಾರದು. ಅವಳು ತರಗತಿಗೆಂದು ನಾಲ್ಕು ದಿನ ಚಿಕ್ಕಮ್ಮನ ಮನೆಗೆ ಹೋಗಿದ್ದಾಗ ಧೂಳು ಹೊಡೆದೆ. ಚೀಟಿಗಳನ್ನು ಜೋಪಾನವಾಗಿ ಬಿಡಿಸಿಟ್ಟು, ಎಲ್ಲ ಒರೆಸಿ, ಗೋಂದು ಹಚ್ಚಿ ಮತ್ತೆ ಅಂಟಿಸಿದೆ. ಖಾಲಿ ಕಂಡಲ್ಲಿ ಒಂದೊಂದು.

ಇವತ್ತು ಬೆಳಿಗ್ಗೆ ಬಂದವಳು ಚೀಲ ಇಳಿಸದೆ ನಿಂತುಬಿಟ್ಟಳು.

“ಅಮ್ಮಾ, ಅಪ್ಪ ಯಾವಾಗಿಂದ ಹಟಮಾರಿ ಆದ್ರು?”

ಕುರ್ಚಿಯಲ್ಲಿದ್ದ ಇವರು ಪೇಪರಿನ ಹಿಂದಿನಿಂದಲೇ, “ಮದುವೆ ಆದಾಗಿಂದ. ನಿಮ್ಮಮ್ಮ ಸರಿಯಾಗೇ ಅಂಟಿಸಿದಾಳೆ ಬಿಡು,” ಎಂದರು.

ಅವಳು ನಗಲಿಲ್ಲ. “ಕಣ್ಣು ಮುಚ್ಚಿದ್ರೆ ಒಂದು ಮನೆ, ತೆರೆದ್ರೆ ಇನ್ನೊಂದು. ಎರಡೂ ಕಲಸಿಹೋಯ್ತು. ಯಾವ್ದು ಎಲ್ಲಿತ್ತಮ್ಮಾ?”

“ಪುಸ್ತಕದಲ್ಲಿ ಇಲ್ವೇನೇ, ಪುಟ್ಟಾ?”

“ಅರ್ಥ ಇದೆ. ಜಾಗ ಇಲ್ಲ. ಜಾಗ ಸಿಗದಿದ್ರೆ ಪರೀಕ್ಷೇಲಿ ಕೂತಾಗ ನಂಗೇನೂ ಹೊಳೆಯಲ್ಲ.”

ಹೋಗಿ ಹೋಗಿ ನನ್ನ ಕೈಯಿಂದಲೇ ಆಗಬೇಕಿತ್ತೆ ಇದು? ಬಾಗಿಲಿನ ಚೀಟಿಯೊಂದನ್ನು ಕಿತ್ತು ಹಾಗೇ ನೋಡುತ್ತಾ ನಿಂತೆ. ಮೂಲೆಯಲ್ಲಿ ಎಣ್ಣೆಯ ಬೆರಳಚ್ಚು. ನನ್ನದೇ.

“ಇದು ಎಣ್ಣೆ ಡಬ್ಬಿದು,” ಎಂದೆ.

ಅವಳು ಓದಿ ತಲೆಯೆತ್ತಿದಳು. “ಹೌದಮ್ಮಾ! ಫ್ರೂಗಲ್!”

ಆಮೇಲೆ ಒಂದೊಂದನ್ನೇ ಬೆಳಕಿಗೆ ಹಿಡಿದೆ. ನೀರು ಕುಡಿದು ಉಬ್ಬಿದ್ದು ನಲ್ಲಿಯ ಪಕ್ಕದ್ದು. ಅಂಚು ಕಂದಿದ್ದು ಒಲೆಯ ಹಿಂದಿನದು. ಸೋಪಿನ ವಾಸನೆಯದು ಬಚ್ಚಲಿನದು. ಮಧ್ಯಾಹ್ನದ ಹೊತ್ತಿಗೆ ಐವತ್ತಾರು ತಮ್ಮ ತಮ್ಮ ಜಾಗ ಸೇರಿದವು. ಉಳಿದ ನಾಲ್ಕಕ್ಕೆ ಕಲೆಯಿಲ್ಲ, ವಾಸನೆಯಿಲ್ಲ. ಅವಳಿಗೂ ನೆನಪಿಲ್ಲ.

“ಇವಕ್ಕೆ ನೀನೇ ಹೊಸ ಜಾಗ ಕೊಡಮ್ಮಾ.”

“ಅರ್ಥ ತಿಳಿಯದೆ ಎಲ್ಲಿ ಅಂತ ಕೊಡ್ಲಿ?”

“ಇದು ಬಿವಿಲ್ಡರ್ಡ್. ದಿಕ್ಕು ತೋಚದೆ ನಿಂತವರು.”

ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಗೋಂದು ಹಚ್ಚಿ ನನ್ನ ತೋಳಿಗೇ ಅಂಟಿಸಿದಳು. “ಅಲ್ಲಿ ಕೂತಾಗ ನಿನ್ನನ್ನೇ ನೆನೆಸ್ಕೋತೀನಿ.”

ಉಳಿದ ಮೂರಕ್ಕೂ ಹೀಗೇ ಜಾಗ ಸಿಕ್ಕಿತು. ಈಗ ಅವಳು ಕಣ್ಣು ಮುಚ್ಚಿ ಮನೆಯೆಲ್ಲ ಸುತ್ತುತ್ತಿದ್ದಾಳೆ. ನಾನು ಪಾತ್ರೆ ತೊಳೆಯಬೇಕು. ತೋಳಿನ ಚೀಟಿಗೆ ಕಲೆ ಬೀಳಬಾರದೋ, ಬೀಳಬೇಕೋ, ಅದೂ ತಿಳಿಯುತ್ತಿಲ್ಲ.