ಕಂಡ ದೋಣಿ, ಬಂದ ದೋಣಿ

"ಹ್ವಾಯ್ ಐತಾಳ್ರೆ, ನಮ್ಮನಿಯವ್ರ್ ಬಂದಾಯ್ತ್ ಅಂದೇಳಿ ನಿಮ್ಮ ಕಂಪ್ಯೂಟರ್ ಹೇಳತ್ತಲೆ. ಎಲ್ಲಿಗ್ ಬಂದ್ರ್? ಮನಿಯಂಗೂ ಇಲ್ಲೆ, ದಕ್ಕಿಯಂಗೂ ಇಲ್ಲೆ!"

ದೋಣಿಗಳು ನಿಲ್ಲುವ ಹಂಗಾರಕಟ್ಟೆ ದಕ್ಕೆಯ ವೈರ್‌ಲೆಸ್ ಕೋಣೆಯಿಂದ ಸುಗುಣ ಫೋನಿನಲ್ಲಿ ಕೂಗುತ್ತಿದ್ದಳು. ತಲ್ಲೂರಿನ ಮಾಳಿಗೆ ಆಫೀಸಿನಲ್ಲಿ ಗುರುಪ್ರಸಾದ್ ಐತಾಳ ಆಗಷ್ಟೇ ಮೂಗು ಹಿಡಿದು ರೇಡಿಯೋದ ಹವಾಮಾನ ವಾರ್ತೆಯ ಸ್ವರ ಅಣಕಿಸುತ್ತಿದ್ದ. ಮೂಗು ಬಿಟ್ಟ.

"ಸುಧಾಕರಣ್ಣನ ದೋಣಿಯಾ? ಪಟ್ಟಿಯಂಗೆ ಬಂದಿತ್ತ್ ಅಂತ್ಲೇ ಇತ್ತಲೆ ಅಕ್ಕ."

"ಪಟ್ಟಿಯಂಗ್ ಬಂದ್ರೆ ಸಾಕಾ? ಗಾಳಿ ಏಳತ್ತ್ ಅಂದೇಳಿ ಎಚ್ಚರಿಕೆ ಬಂತ್. ಅವ್ರ ಪೆಟ್ಟಿಗಿ ಕೂಗಿತಾ ಇಲ್ಯಾ?"

ಕೂಗಿರಲಿಲ್ಲ. ಪ್ರತಿ ದೋಣಿಯಲ್ಲೂ ಉಪಗ್ರಹದಿಂದ ಸಂದೇಶ ಹಿಡಿಯುವ ಒಂದು ಪೆಟ್ಟಿಗೆ ಇತ್ತು. ಆದರೆ ಎಚ್ಚರಿಕೆ ಹೋಗುತ್ತಿದ್ದದ್ದು ಇನ್ನೂ ಕಡಲಲ್ಲಿರುವ ದೋಣಿಗಳಿಗೆ ಮಾತ್ರ. ಬಂದವರನ್ನು ಕಂಪ್ಯೂಟರ್ ಬಿಟ್ಟುಬಿಡುತ್ತಿತ್ತು. ಸುಧಾಕರನನ್ನೂ ಬಿಟ್ಟಿತ್ತು.

ಗುರುಪ್ರಸಾದ್ ಎದ್ದ, ಕೂತ, ಮತ್ತೆ ಎದ್ದ. ಪಕ್ಕದ ಮೇಜಿನ ಸ್ನೇಹಲತಾ, "ಕುರ್ಚಿಯಂಗೆ ಇರುವೆ ಬಂದಿತ್ತಾ? ಕೂಕಂಡ್ ನೀನ್ ಬರ್ದ ಸಾಲ್ ತೋರ್ಸ್" ಎಂದಳು.

ಅಲ್ಲಿನ ಸುದ್ದಿ ಎತ್ತಿ ಇಲ್ಲಿಗೆ, ಇಲ್ಲಿನದು ಎತ್ತಿ ಅಲ್ಲಿಗೆ ಮುಟ್ಟಿಸುವ ಸಾಫ್ಟ್‌ವೇರ್ ಅವರದು. ಅದರ ಭಾಷೆ ಬಹಳ ಸರಳ, 'ಹೀಗಿದ್ದರೆ ಹಾಗೆ ಮಾಡು' ಎನ್ನುವಷ್ಟೇ. ಆ ಸರಳ ಸಾಲಿನ ಹೊಟ್ಟೆಯಲ್ಲಿ, ಕಡುಬಿಗೆ ಹೂರಣ ತುಂಬಿದ ಹಾಗೆ, ಗುರುಪ್ರಸಾದ್ ಇನ್ನೊಂದು ಪ್ರಶ್ನೆ ತುಂಬಿದ್ದ: ದಕ್ಕೆಯಿಂದ ಬರುವ, ಗೂಡೊಳಗೆ ಗೂಡಿಟ್ಟು ಬರೆದ ಎಕ್ಸ್‌ಎಂಎಲ್ ಸುದ್ದಿಯಲ್ಲಿ 'ದೋಣಿ' ಎಂಬ ಗೂಡು ಎಲ್ಲಿದ್ದರೂ ಹುಡುಕು, ಒಳಗಿನ ಹೆಸರು ತೆಗೆ, ಅದನ್ನು ಬಂದವರ ಲೆಕ್ಕಕ್ಕೆ ಹಾಕು. 'ಎಲ್ಲಿದ್ದರೂ' ಎನ್ನಲು ಎರಡು ಓರೆಗೆರೆ ಎಳೆದರೆ ಆಯಿತು. ಸರಳ ಭಾಷೆ, ಆದರೆ ತಪ್ಪಿದರೆ ಸರಳಿನ ಹಿಂದೆ ಕೂರಿಸೀತು.

ಸ್ನೇಹಲತಾ ಬೆಳಗಿನ ಒಂದು ಸುದ್ದಿಯನ್ನು ಪರದೆಗೆ ತಂದಳು. ಕುಷ್ಟ ಎಂಬ ಮೀನುಗಾರನ ದೋಣಿ ಬಂತು ಎಂಬ ಸುದ್ದಿ. ಅದರ ಕೆಳಗೇ 'ಕಂಡವು' ಎಂಬ ಇನ್ನೊಂದು ಗೂಡು.

ಇಲ್ಲಿ ಕಡಲಿಂದ ಬಂದವರು ತಮ್ಮದಷ್ಟೇ ಹೇಳಿ ಮನೆಗೆ ಹೋಗುವುದಿಲ್ಲ. ಇಂಥವರ ದೋಣಿ ಕಂಡಿತು, ಬಲೆ ಎಳೆಯುತ್ತಿದ್ದರು, ಸುಖವಾಗಿದ್ದಾರೆ ಎಂದು ದಾರಿಯಲ್ಲಿ ಕಂಡವರ ಸುದ್ದಿಯನ್ನೂ ಒಪ್ಪಿಸಬೇಕು. ದಕ್ಕೆಯಲ್ಲಿ ಆ ಮನೆಯವರೂ ಕಾಯುತ್ತಿರುತ್ತಾರೆ. ಹೆಂಗಸರು ಕೇಳಿದರೆಂದು ಕಳೆದ ವಾರ ಆ ಗೂಡು ಸೇರಿಸಿದವನೂ ಗುರುಪ್ರಸಾದನೇ. ಅದರೊಳಗೆ ಮತ್ತೆ ದೋಣಿ, ದೋಣಿ, ದೋಣಿ.

"ಕುಷ್ಟಣ್ಣ ಕಂಡದ್ದನ್ನೆಲ್ಲ ಇದ್ ಬಂದದ್ದ್ ಅಂದೇಳಿ ಮಾಡಿತ್ತ್" ಎಂದ ಗುರುಪ್ರಸಾದ್. ಇಲ್ಲಿ ಒಂದು ಗೆರೆ ಹೆಚ್ಚಾಗಿತ್ತು. ಅಲ್ಲಿ ಕಡಲಲ್ಲಿ ತೆರೆ ಹೆಚ್ಚಾಗುತ್ತಿತ್ತು.

"ಸುಧಾಕರಣ್ಣಂಗೆ ನಾನ್ ಕೈಯಂಗೇ ಎಚ್ಚರಿಕೆ ಕಳ್ಸ್ತೆ" ಎಂದಳು ಸ್ನೇಹಲತಾ. "ನೀನ್ ಉಳ್ದವ್ರನ್ನ್ ಕಾಣ್."

ಯಾರು ಉಳಿದವರು? ಅದು ಗೊತ್ತಾಗಬೇಕಾದರೆ ಪ್ರಶ್ನೆ ತಿದ್ದಿ ಬೆಳಗಿನ ಸುದ್ದಿಯನ್ನೆಲ್ಲ ಮತ್ತೊಮ್ಮೆ ಓದಿಸಬೇಕು. ಸುದ್ದಿಯ ನೇರ ಕೆಳಗಿರುವ ದೋಣಿ ಮಾತ್ರ, 'ಕಂಡವು' ಒಳಗಿನದು ಬೇಡ ಎಂದು ದಾರಿ ಪೂರ್ತಿ ಬರೆದ. ಬೆರಳು ಎರಡು ಸಲ ತಪ್ಪಿತು. ಕಿಟಕಿಯ ಹೊರಗೆ ತೆಂಗಿನ ಗರಿಗಳು ಒಂದೇ ಕಡೆಗೆ ವಾಲಿದ್ದವು.

ಪಟ್ಟಿ ತೆರೆದುಕೊಂಡಿತು. ಸುಧಾಕರನದ್ದೂ ಸೇರಿ ಕಡಲಲ್ಲಿ ಐದು ದೋಣಿ. ಎಚ್ಚರಿಕೆ ಹೋಯಿತು. ನಾಲ್ಕು ಪೆಟ್ಟಿಗೆಗಳಿಂದ 'ಸಿಕ್ಕಿತು' ಎಂಬ ಉತ್ತರ ಬಂತು. ಸುಧಾಕರನದ್ದು ಬರಲಿಲ್ಲ.

"ಬಂತಾ?" ಸುಗುಣ ಫೋನ್ ಇಟ್ಟಿರಲೇ ಇಲ್ಲ.

"ಇಲ್ಲ ಅಕ್ಕ."

"ಈಗ?"

"ಇಲ್ಲ."

ಅವನು ಕಿಟಕಿಗೂ ಮೇಜಿಗೂ ನಡೆದ. ಒಂದು ತಮಾಷೆ ಬಾಯಿಗೆ ಬಂದು ಹಾಗೇ ಒಳಗೆ ಹೋಯಿತು. ಆಮೇಲೆ ಪರದೆ ಮಿನುಗಿತು: ಸಿಕ್ಕಿತು, ಗಂಗೊಳ್ಳಿಗೆ ತಿರುಗಿಸಿದ್ದೇವೆ.

"ಅಕ್ಕ, ಉತ್ತರ ಬಂತ್! ಗಂಗೊಳ್ಳಿ ಹತ್ರ ಆತ್ತ್ ಅಂದೇಳಿ ಅಲ್ಲಿಗ್ ಹೋತ್ರಂಬ್ರ್."

ಸುಗುಣಳ ಸ್ವರ ಸಣ್ಣದಾಯಿತು. "ಆಗ ಬಂದಿದ್ರ್ ಅಂದ್ರಿ. ಈಗ ಉತ್ತರ ಕೊಟ್ರ್ ಅಂತ್ರಿ. ನಾನ್ ಯಾವ್ದನ್ನ್ ನಂಬುದ್? ನಂಗೆ ಅವ್ರ ಸ್ವರ ಕೇಳ್ಕ್."

ಸುಧಾಕರನ ಫೋನ್ ಹತ್ತಲಿಲ್ಲ. ಗುರುಪ್ರಸಾದ್ ಸ್ಕೂಟರಿನ ಕೀಲಿ ತೆಗೆದುಕೊಂಡ. ಹೆಮ್ಮಾಡಿ ದಾಟುವಾಗ ಗಾಳಿ ಸ್ಕೂಟರನ್ನೇ ಪಕ್ಕಕ್ಕೆ ತಳ್ಳಿತು. ಗಂಗೊಳ್ಳಿ ದಕ್ಕೆಯಲ್ಲಿ ದೋಣಿಗಳು ಒಂದಕ್ಕೊಂದು ಒತ್ತಿ ನಿಂತಿದ್ದವು. ಒಂದೊಂದರ ಹೆಸರೂ ಓದುತ್ತ ಓಡಿದ. ಕೊನೆಗೂ ಸುಧಾಕರ ಸಿಕ್ಕಿದ. ಮೈಯೆಲ್ಲ ನೀರು, ಹಗ್ಗ ಬಿಗಿಯುತ್ತಿದ್ದ.

"ನನ್ನ ಫೋನ್ ಒದ್ದಿಯಾಯಿ ಸತ್ತೇ ಹೋಯ್ತ್ ಮಾರಾಯ್ರೆ" ಎನ್ನುತ್ತ ಗುರುಪ್ರಸಾದನ ಫೋನ್ ಕಿವಿಗಿಟ್ಟುಕೊಂಡ. "ಹಾಂ, ನಾನೇ ಮಾರಾಯ್ತಿ... ಇಲ್ಲೆ, ಎಂತ ಆಯ್ಲಿಲ್ಲೆ... ಹೋಯ್, ಮರ್ಕಬೇಡ!"

ಗುರುಪ್ರಸಾದ್ ಆ ಕಾಲಿಂದ ಈ ಕಾಲಿಗೆ ಭಾರ ಬದಲಿಸುತ್ತ ನಿಂತ. ಅಳು ನಿಂತು ಬೈಗುಳ ಶುರುವಾದದ್ದು ಅವನಿಗೂ ಕೇಳಿಸಿತು. ಸುಧಾಕರ ನಕ್ಕು ಫೋನ್ ಚಾಚಿದ.

"ಹಿಡ್ಕಣಿ ಐತಾಳ್ರೆ. ನಂದ್ ಮುಗೀತ್. ಇನ್ನ್ ನಿಮ್ಗಂಬ್ರ್."