ಭಾವ ಮಾರಿದ ಮನೆವ್ಯಾನು

ವಾಚಕ ಮಹಾಶಯರೇ, ಹಳೆಯ ಮನೆವ್ಯಾನನ್ನು ಕೊಳ್ಳಲು ಹೊರಟಿರುವ ತಾವು, ಮಾರುವವನ ಮಾತಿಗೆ ಕಿವಿಗೊಡುವ ಮೊದಲು ಅದರ ನೆಲಹಾಸನ್ನು ಎತ್ತಿ ನೋಡಬೇಕೆಂದು ಸವಿನಯವಾಗಿ ವಿಜ್ಞಾಪಿಸಿಕೊಳ್ಳುತ್ತೇನೆ. ಮಾರುವವನು ಸ್ವಂತ ಅಕ್ಕನ ಗಂಡನಾಗಿದ್ದರೆ ಎರಡು ಸಲ ಎತ್ತತಕ್ಕದ್ದು. ಬಾಂಧವ್ಯಕ್ಕೆ ಕಟ್ಟುಬಿದ್ದು ನಾನು ಒಂದು ಸಲವೂ ಎತ್ತಲಿಲ್ಲ.

ನನಗೆ ಬೇರೆ ಮನೆಯಿಲ್ಲ. ಮಂಚ, ಒಲೆ, ನೀರಿನ ತೊಟ್ಟಿ ಎಲ್ಲವೂ ಒಳಗೇ ಇರುವ ಆ ವ್ಯಾನಿನಲ್ಲಿ ಊರೂರು ಸುತ್ತುವ ಆಸೆಯಿಂದ ಬಾಡಿಗೆಯ ಕೋಣೆಯನ್ನೂ ಬಿಟ್ಟಿದ್ದೆ. ಹಳೆಯ ವಾಹನಗಳ ವ್ಯಾಪಾರಿಯಾದ ನನ್ನ ಭಾವ (ಅವನಿಗೆ ಬಹುವಚನ ಸಲ್ಲದು) ಎಂಜಿನ್ನನ್ನು ಮೊದಲೇ ಬಿಸಿ ಮಾಡಿಟ್ಟು, ಒಳಗೆ ಅತ್ತರು ಚಿಮುಕಿಸಿ, ಕಾಫಿ ಕಾಯಿಸುತ್ತ ಕುಳಿತಿದ್ದ. ಬೂಷ್ಟಿನ ವಾಸನೆ ಮೂಗಿಗೆ ತಟ್ಟುವುದೆಂತು? ಕೊಂಡ ಮೇಲೆ ಬಂದ ಮೊದಲ ಮಳೆಗೆ ಚಾವಣಿಯ ಕಿಟಕಿಯಿಂದ ನೀರಿಳಿಯಿತು. ಹಾಸಿಗೆಯ ಪಕ್ಕದ ಹಲಗೆ ನೆನೆದ ಬಿಸ್ಕತ್ತಿನಂತೆ ಕೈಗೆ ಬಂತು. ಮುಂಜಾನೆಯ ಚಳಿಯಲ್ಲಿ ಎಂಜಿನ್ನು ನೀಲಿ ಹೊಗೆ ಕಾರಿತು. ಅಂಗಡಿಗೆ ಹೋಗಿ ಕೇಳಿದೆ.

"ನೆಂಟರ ಮಧ್ಯೆ ಇದನ್ನೆಲ್ಲ ಹಿಡಿದು ಜಗ್ಗಬಾರದು ಕಣಯ್ಯ," ಎಂದ ಭಾವ. "ನೀನೇ ನೋಡಿ ತಗೊಂಡೆ."

"ನಿಮ್ಮ ಮುಖ ನೋಡಿ ತಗೊಂಡೆ, ಭಾವ."

"ಮುಖಕ್ಕೆಲ್ಲ ಗ್ಯಾರಂಟಿ ಕೊಡಲ್ಲಪ್ಪ ನಾವು."

ಹಾಗೆಂದು ಅವನು ನಕ್ಕ. ಮರುದಿನವೇ ವ್ಯಾನನ್ನು ಅವನ ಅಂಗಡಿಯ ಎದುರಿಗೆ, ರಸ್ತೆಯ ಆಚೆ ಬದಿಯಲ್ಲಿ ನಿಲ್ಲಿಸಿದೆ. ಒಳಗೋಡೆಯ ಹೊದಿಕೆಯನ್ನು ಕಿತ್ತು ಕೊಳೆತ ಹಲಗೆಯನ್ನು ಬಯಲಿಗಿಟ್ಟೆ. ಅಂಗಡಿಗೆ ಬಂದ ಗಿರಾಕಿಗಳನ್ನೆಲ್ಲ ಮೊದಲು ನಾನೇ ಬರಮಾಡಿಕೊಂಡೆ.

"ಇದು ಇದೇ ಅಂಗಡೀದು. ಒತ್ತಿ ನೋಡಿ."

"ರೀ, ಬೆರಳು ಒಳಗೇ ಹೋಯ್ತು!" ಎಂದು ಒಬ್ಬಾಕೆ ಚೀರಿದಳು.

"ನಿಮ್ಮಪ್ಪನ ಮನೆ ಗೋಡೆನೂ ಹೀಗೇ ಇತ್ತಲ್ಲೇ," ಎಂದ ಅವಳ ಗಂಡ.

ನನಗೆ ಗೊತ್ತಿದ್ದುದೆಲ್ಲವನ್ನೂ ಅವರಿಗೆ ಕಲಿಸಿದೆ: ಹೇಳದೆ ಕೇಳದೆ ಬರಬೇಕು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಎಂಜಿನ್ನು ತಣ್ಣಗಿದೆಯೇ ಎಂದು ತಿಳಿಯಬೇಕು (ಮೊದಲೇ ಬಿಸಿ ಮಾಡಿಟ್ಟರೆ ಹೊಗೆ ಕಾಣಿಸದು), ಚಾವಣಿಯ ಮೇಲೆ ನೀರು ಸುರಿದು ಕಾಯಬೇಕು, ಗ್ಯಾಸ್ ಕೊಳವೆಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ಆಕೆ ನೆಟ್ಟಗೆ ಅಂಗಡಿಯೊಳಗೆ ಹೋಗಿ ಮಾರಾಟಕ್ಕಿದ್ದ ವ್ಯಾನಿನ ಬಾನೆಟ್ಟನ್ನು ಮುಟ್ಟಿದಳು. "ಇದ್ಯಾಕೆ ಬೆಳಗ್ಗೇನೇ ಇಷ್ಟು ಬಿಸಿ?" ಭಾವನ ಮುಖದಲ್ಲಿ ನೀರಿಳಿಯಿತು. ಆ ದೃಶ್ಯವನ್ನು ನಾನು ಸವಿದೆ, ಮುಚ್ಚಿಡುವುದೇಕೆ?

ಗಿರಾಕಿಗಳು ಆ ಕಡೆ ಸುಳಿಯದಂತಾದಾಗ ಭಾವ ರಸ್ತೆ ದಾಟಿ ಬಂದ.

"ಬೀದೀಲಿ ನನ್ನ ಮಾನ ತೆಗೀತಿದ್ದೀಯಲ್ಲೋ! ಏನು ಬೇಕು ನಿನಗೆ?"

"ಮನೆ ಬೇಕು. ಹಿಂದುಗಡೆ ಹೊದಿಕೆ ಹಾಕಿ ಇಟ್ಟಿದ್ದೀರಲ್ಲ, ನಿಮ್ಮ ಸ್ವಂತ ವ್ಯಾನು. ಅದೇ ಬೇಕು."

"ಅದು ನಿಮ್ಮಕ್ಕನಿಗೆ ಕಣೋ. ಸಮುದ್ರ ನೋಡ್ಬೇಕು ಅಂತ ಎಷ್ಟು ದಿನದಿಂದ ಹೇಳ್ತಿದ್ದಾಳೆ."

"ಇದರಲ್ಲಿ ಕರ್ಕೊಂಡು ಹೋಗಿ. ಅತ್ತರು ಇನ್ನೂ ಸ್ವಲ್ಪ ಉಳಿದಿದೆ."

ಬೇರೆ ದಾರಿಯಿಲ್ಲದೆ ಭಾವ ಅದಲುಬದಲಿಗೆ ಒಪ್ಪಿದ. ಮರುದಿನ ಬೆಳಗಾಗುತ್ತಲೇ, ಎಂಜಿನ್ನು ತಣ್ಣಗಿರುವಾಗಲೇ, ಅವನ ವ್ಯಾನಿನ ಪರೀಕ್ಷೆಗೆ ತೊಡಗಿದೆ. ಇಸ್ತ್ರಿ ಮಾಡಿದ ಅಂಗಿಯಲ್ಲಿದ್ದ ಭಾವನನ್ನೇ ವ್ಯಾನಿನ ಅಡಿಗೆ ಮಲಗಿಸಿ, ತುಕ್ಕು ಎಲ್ಲಾದರೂ ಉದುರೀತೇ ಎಂದು ತಳವನ್ನು ಬಡಿಯಲು ಹೇಳಿದೆ. ಎಲ್ಲಿಯೂ ದೋಷವಿರಲಿಲ್ಲ.

"ಇನ್ನೊಂದ್ಸಲ ಬಡೀರಿ ಭಾವ, ಸರಿಯಾಗಿ ಕೇಳಿಸ್ಲಿಲ್ಲ."

ಕಾಗದಪತ್ರ ನನ್ನ ಹೆಸರಿಗಾಗುವವರೆಗೆ ಹಳೆಯದರ ಕೀಲಿಯನ್ನು ಕೊಡಲಿಲ್ಲ.

ನನ್ನ ಹಾಸಿಗೆ, ಬಾಣಲೆ, ಕಾದಂಬರಿಗಳ ಕಟ್ಟು ಎಲ್ಲವನ್ನೂ ಒಳಗಿಡುತ್ತಿದ್ದಾಗ ಅಕ್ಕ ಬಂದು ಕಿಟಕಿಗಳ ಪರದೆಗಳನ್ನು ಬಿಚ್ಚತೊಡಗಿದಳು.

"ವ್ಯಾನು ನಿಮ್ಮಿಬ್ಬರ ಜಗಳದ್ದು. ಪರದೆ ನಾನು ಹೊಲಿದದ್ದು."

"ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ಅಕ್ಕ."

"ಗೊತ್ತು. ಸಿಟ್ಟು ಅವರ ಮೇಲೆ, ಸಮುದ್ರ ಹೋಗಿದ್ದು ನನಗೆ."

ಪರದೆಗಳನ್ನು ಮಡಚಿ ಎದೆಗೊತ್ತಿಕೊಂಡು ಅವಳು ಮನೆಯ ಕಡೆ ನಡೆದಳು. ಕರೆಯಬೇಕೆನಿಸಿತು, ಆದರೆ ಗೇಟಿನ ಬಳಿ ಬೆನ್ನಿನ ಮಣ್ಣು ಕೊಡವಿಕೊಳ್ಳುತ್ತಿದ್ದ ಭಾವ ಕಣ್ಣಿಗೆ ಬಿದ್ದ. ಬಾಗಿಲು ಎಳೆದುಕೊಂಡೆ, ಕೀಲಿ ತಿರುಗಿಸಿದೆ. ಬೋಳು ಕಿಟಕಿಗಳಿಂದ ಬಿಸಿಲು ಹಾಸಿಗೆಯ ತುಂಬ ಸುರಿಯುತ್ತಿತ್ತು. ದಾರಿ ಕವಲಾದಲ್ಲಿ, ಸಮುದ್ರದ ಕಡೆಗಲ್ಲದ ದಾರಿಯನ್ನು ಹಿಡಿದು ಹೊರಟೆ.