ತಮ್ಮನಿಗೆ ಕಡಲೆಬೀಜ

ಆ ಮನೆಗೆ ಕಡಲೆಬೀಜ ಬಂದು ವರ್ಷಗಳೇ ಆಗಿದ್ದವು. ಮಗಳು ಗುಬ್ಬಿ ಪುಟ್ಟವಳಿದ್ದಾಗ ಯಾರೋ ಕೊಟ್ಟ ಕಡಲೆಬೀಜದ ಬಿಸ್ಕತ್ತು ತಿಂದು, ತುಟಿ ಊದಿ, ಉಸಿರು ಸಿಕ್ಕದೆ ಆಸ್ಪತ್ರೆ ಸೇರಿದ್ದಳು. ಅಂದಿನಿಂದ ಅವಳಮ್ಮ, ಮನೆಯಲ್ಲೇ ಬಟ್ಟೆ ಹೊಲಿಯುವ ಟೈಲರ್, ಅಳತೆ ಕೊಡಲು ಬಂದವರನ್ನೂ ಕೈ ತೊಳೆಸಿಯೇ ಒಳಗೆ ಬಿಡುತ್ತಿದ್ದಳು.

ಈಗ ಗುಬ್ಬಿಗೊಬ್ಬ ತಮ್ಮ, ಗುಂಡ. ಆರು ತಿಂಗಳಾಗುತ್ತಾ ಬಂದಿತ್ತು. ಕೆನ್ನೆಯೆಲ್ಲ ತುರಿಕೆಯಿಂದ ಒರಟು. ಮಕ್ಕಳ ಡಾಕ್ಟರು ಮೊದಲು ಅಲರ್ಜಿಯ ಪರೀಕ್ಷೆ ಮಾಡಿಸಿದರು. ಆಮೇಲೆ, "ತೊಂದರೆ ಕಾಣ್ತಿಲ್ಲ. ತಡ ಮಾಡ್ಬೇಡಿ, ಕಡಲೆಬೀಜ ಶುರು ಮಾಡಿ" ಅಂದರು.

ತನ್ನ ಕಿವಿಯನ್ನೇ ನಂಬಲಾಗಲಿಲ್ಲ ಅಮ್ಮನಿಗೆ. "ಗುಬ್ಬಿಗೆ ಮೂರು ವರ್ಷದವರೆಗೂ ಬೇಡವೇ ಬೇಡ ಅಂದಿದ್ದು ನೀವೇ ಅಲ್ವಾ ಡಾಕ್ಟ್ರೇ?"

"ನಾನೇ. ಆಗ ನಾವೆಲ್ಲ ಹಾಗೇ ಹೇಳ್ತಿದ್ವಿ. ಬೇಗ ಕೊಟ್ರೆ ಅಲರ್ಜಿ ಬರೋದು ಕಡಿಮೆ ಅಂತ ಆಮೇಲೆ ಗೊತ್ತಾಯ್ತು. ಇಡೀ ಕಾಳು ಮಾತ್ರ ಬೇಡ, ಗಂಟಲಿಗೆ ಸಿಕ್ಕೊಳ್ಳುತ್ತೆ. ನುಣ್ಣಗೆ ಅರೆದು ತೆಳ್ಳಗೆ ಕಲಸಿ. ಒಂದ್ಸಲಕ್ಕೆ ಮುಗಿಯಲ್ಲ, ಕೊಡ್ತಾನೇ ಇರ್ಬೇಕು."

ಬಸ್ ಓಡಿಸುವ ಗಂಡ ತಲೆ ಕೆರೆದುಕೊಂಡ. "ಒಂದು ಮಗೂಗೆ ವಿಷ, ಇನ್ನೊಂದಕ್ಕೆ ಮದ್ದು. ನಂಗಂತೂ ತಲೆಬುಡ ತಿಳೀತಿಲ್ಲ ಕಣೇ."

ಮನೆಯಲ್ಲಿ ಕೊಡುವ ಹಾಗಿರಲಿಲ್ಲ. ಬೆಳಗ್ಗೆ ಗುಬ್ಬಿ ಸ್ಕೂಲಿಗೆ ಹೋದ ಮೇಲೆ, ಅಮ್ಮ ಗುಂಡನನ್ನೆತ್ತಿಕೊಂಡು ಪಕ್ಕದ ಬೀದಿಯ ತನ್ನಣ್ಣನ ಮನೆಗೆ ಹೋದಳು. ಅತ್ತಿಗೆ ಅರೆದು ಕಲಸಿಟ್ಟಿದ್ದಳು. ಚಮಚದ ತುದಿಯಷ್ಟು ನಾಲಿಗೆಗೆ ತಾಗಿಸಿದ್ದೇ ತಡ, ಗುಂಡ ಸೀನಿದ. ಅಮ್ಮ ಗಾಬರಿಯಿಂದ ಅವನ ಗಲ್ಲ ಒರೆಸಿದಳು, ದಿಟ್ಟಿಸಿದಳು, ಮತ್ತೆ ಒರೆಸಿದಳು.

"ಅತ್ತಿಗೆ, ಕೆಂಪಾಯ್ತು! ಡಾಕ್ಟ್ರಿಗೆ ಫೋನ್ ಮಾಡಿ!"

"ಹಾಗೆ ಉಜ್ಜಿದ್ರೆ ಕಲ್ಲೂ ಕೆಂಪಾಗುತ್ತೆ. ಕೈ ತೆಗಿ ಮೊದ್ಲು."

ಇಬ್ಬರೂ ಕಣ್ಣು ಮಿಟುಕಿಸದೆ ನೋಡುತ್ತಾ ಕೂತರು. ಕೆಂಪು ತಾನಾಗಿಯೇ ಇಳಿಯಿತು. ಉಸಿರು ಸರಾಗ. ಗುಂಡನೋ ಚಮಚಕ್ಕೆ ಕೈಚಾಚಿ, ಇನ್ನೂ ಬೇಕೆಂದು ರಚ್ಚೆ ಹಿಡಿದ. ಉಳಿದದ್ದನ್ನು ನಿಧಾನವಾಗಿ ತಿನ್ನಿಸುತ್ತಾ ಅಮ್ಮ ಅತ್ತುಬಿಟ್ಟಳು. ಖುಷಿಗೋ ಸಂಕಟಕ್ಕೋ ಅವಳಿಗೇ ಗೊತ್ತಾಗಲಿಲ್ಲ.

ಅಲ್ಲೇ ಮಗುವಿಗೆ ಸ್ನಾನ ಮಾಡಿಸಿ, ಇಬ್ಬರ ಬಟ್ಟೆಯನ್ನೂ ಬದಲಾಯಿಸಿಕೊಂಡು ಬಂದಳು. ಸಂಜೆ ಗುಬ್ಬಿಗೆ ಎಲ್ಲ ಹೇಳಿದಳು.

"ಹಾಗಾದ್ರೆ ನಂಗೂ ಆಗ್ಲೇ ಕೊಟ್ಟಿದ್ರೆ?"

"ಗೊತ್ತಿಲ್ಲ ಮಗಳೇ. ಅಲರ್ಜಿ ಬರ್ದೇ ಇರ್ತಿತ್ತೋ, ಆಗ್ಲೂ ಬರ್ತಿತ್ತೋ. ಡಾಕ್ಟ್ರಿಗೂ ಗೊತ್ತಿಲ್ವಂತೆ."

ಗುಬ್ಬಿ ತೊಟ್ಟಿಲ ಕಡೆ ನೋಡಿದಳು. "ಅದರ ರುಚಿ ಹೇಗಿರುತ್ತೆ?"

ಅಮ್ಮ ಬಾಯಿ ತೆರೆದಳು. ಸಿಹಿ ಅನ್ನಬೇಕೋ, ಏನನ್ನಬೇಕೋ. ತಾನೇ ತಿಂದು ಎಷ್ಟು ಕಾಲವಾಗಿತ್ತೋ. "ಅಷ್ಟೇನೂ ಚೆನ್ನಾಗಿರಲ್ಲ ಬಿಡು" ಅಂದಳು.

ಗುಬ್ಬಿ ನಂಬಲಿಲ್ಲ. ತೊಟ್ಟಿಲ ಹತ್ತಿರ ಹೋಗಿ, ತಮ್ಮನಿಗೆ ಮುತ್ತು ಕೊಡಲು ಬಗ್ಗಿದವಳು ಅರ್ಧಕ್ಕೇ ನಿಂತಳು.

"ಇವನ ಬಾಯಿ ಚೆನ್ನಾಗಿ ತೊಳ್ಸಿದ್ಯಾ ಅಮ್ಮ?"